ಕಡ್ಲೆಕಾಯಿ ದುಡ್ಡು ಎಲ್ಲಿ ಬರಿತೀಯ?

2025ರಲ್ಲಿ ರಿಟರ್ನ್ ಫೈಲ್ ಮಾಡೋಕೆ ಜುಲೈ 31ರವರೆಗೆ ಅಲ್ಲ, ಸೆಪ್ಟೆಂಬರ್ 15ರವರೆಗೆ ಟೈಮ್ ಕೊಟ್ಟಿದ್ರು. ಮೇ ತಿಂಗಳಲ್ಲೇ ಹೇಳಿಬಿಟ್ಟಿದ್ರು. ಒಂದೂವರೆ ತಿಂಗಳು ಜಾಸ್ತಿ ಸಿಕ್ಕಿದ್ರೆ ಬುದ್ಧಿವಂತ ಮನುಷ್ಯ ಏನ್ ಮಾಡ್ತಾನೆ? ಒಂದೂವರೆ ತಿಂಗಳು ಜಾಸ್ತಿ ಮುಂದೂಡ್ತಾನೆ. ನಾನೂ ಅದನ್ನೇ ಮಾಡಿದೆ. ಆಗಸ್ಟ್‌ನಲ್ಲಿ ಒಂದು ದಿನ ಲಾಗಿನ್ ಆಗಿ, ಫಾರ್ಮ್ 16 ಡೌನ್‌ಲೋಡ್ ಮಾಡಿ, ಡೆಸ್ಕ್‌ಟಾಪ್ ಮೇಲೆ 'ಐಟಿಆರ್ ಫೈನಲ್' ಅಂತ ಒಂದು ಫೋಲ್ಡರ್ ಮಾಡಿ ಅದರಲ್ಲಿ ಹಾಕಿಟ್ಟೆ. ಅಲ್ಲಿಗೆ ಮನಸ್ಸಿಗೆ ಕೆಲಸ ಮುಗಿದ ಹಾಗೆ ಅನ್ನಿಸ್ತು.

ಸೆಪ್ಟೆಂಬರ್ 14, ಭಾನುವಾರ, ತಾತನ ಪಕ್ಷ. ಅದಕ್ಕೆ ಅಂತ ಶನಿವಾರ ರಾತ್ರಿನೇ ಊರಿಗೆ ಬಂದಿದ್ದೆ. ನಮ್ಮೂರು ಬಡವನಹಳ್ಳಿ. ಮಧುಗಿರಿ ಕಡೆಯಿಂದ ಬಂದ್ರೂ ಸಿಗುತ್ತೆ, ಶಿರಾ ಕಡೆಯಿಂದ ಬಂದ್ರೂ ಸಿಗುತ್ತೆ. ಎಡೆ ಇಟ್ಟು, ಊಟ ಮುಗಿಸಿ, ಕಜ್ಜಾಯ ತಿಂದ ಭಾರಕ್ಕೆ ಜಗಲಿ ಮೇಲೆ ಒರಗಿದ್ದೆ. ಪಾವಗಡದಿಂದ ಬಂದಿದ್ದ ಸೋದರಮಾವ ಪಕ್ಕದಲ್ಲಿ ಕೂತು ಅಂಗಿ ಜೇಬಿಂದ ನಾಲ್ಕು ಮಡಿಕೆ ಮಾಡಿದ್ದ ಒಂದು ಕಾಗದ ತೆಗೆದ.

"ಲೋ, ನೀನು ಕಂಪ್ಯೂಟರ್ ಓದಿರೋನು. ಇದೇನು ನೋಡು. ಬ್ಯಾಂಕ್‌ನೋರು ನನ್ನ ದುಡ್ಡು ಹಿಡ್ಕೊಂಡವ್ರೆ."

ನೋಡಿದ್ರೆ ಫಿಕ್ಸೆಡ್ ಡೆಪಾಸಿಟ್‌ನ ಟಿಡಿಎಸ್ ಸರ್ಟಿಫಿಕೇಟ್. ವರ್ಷದ ಬಡ್ಡಿ 77,400. ಅದರಲ್ಲಿ ಶೇಕಡಾ 10, ಅಂದ್ರೆ 7,740 ರೂಪಾಯಿ ಮುರಿದುಕೊಂಡಿದ್ರು.

ಇಲ್ಲಿ ಮಾವನ ಕಥೆ ಸ್ವಲ್ಪ ಹೇಳ್ಬೇಕು. ಪಾವಗಡದ ಸೋಲಾರ್ ಪಾರ್ಕ್ ಗೊತ್ತಲ್ಲ, 'ಶಕ್ತಿ ಸ್ಥಳ'? ತಿರುಮಣಿ, ಬಳಸಮುದ್ರ, ವಳ್ಳೂರು ಅಂತ ಐದು ಹಳ್ಳಿಗಳ ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ಸುತ್ತ ಆಂಧ್ರ, ಮಧ್ಯದಲ್ಲಿ ನಮ್ಮ ತಾಲೂಕು. ಮಳೆ ಅನ್ನೋದು ಅಲ್ಲಿ ಅಪರೂಪದ ನೆಂಟ, ಬಿಸಿಲು ಮಾತ್ರ ಮನೆ ಮಗ. 2018ರ ಮಾರ್ಚ್‌ನಲ್ಲಿ ಮೊದಲ ಹಂತ ಉದ್ಘಾಟನೆ ಆಯ್ತು. ಅಲ್ಲಿನ ವಿಶೇಷ ಏನಂದ್ರೆ ಜಮೀನನ್ನ ಕೊಂಡುಕೊಳ್ಳಲಿಲ್ಲ. ಗುತ್ತಿಗೆಗೆ ತಗೊಂಡ್ರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಹೆಚ್ಚಳ. ಮಾವ ಹನ್ನೊಂದು ಎಕರೆಯಲ್ಲಿ ಒಂಬತ್ತು ಎಕರೆ ಕೊಟ್ಟ. ಉಳಿದ ಎರಡು ಎಕರೆ "ನನ್ನ ಕೈಗೆ ಕೆಲಸ ಬೇಕಲ್ಲ" ಅಂತ ಇಟ್ಕೊಂಡ. ಅದರಲ್ಲಿ ಈಗಲೂ ಕಡ್ಲೆಕಾಯಿ ಹಾಕ್ತಾನೆ. ಗುತ್ತಿಗೆ ದುಡ್ಡಲ್ಲಿ ಖರ್ಚು ಕಳೆದು ಮಿಕ್ಕಿದ್ದನ್ನ ಕೂಡಿಡ್ತಾ ಕೂಡಿಡ್ತಾ ಹನ್ನೊಂದು ಲಕ್ಷದ ಡೆಪಾಸಿಟ್ ಮಾಡಿದಾನೆ. ಒಂದು ಸಿನಿಮಾ ನೋಡದೆ, ಒಂದು ಹೊಸ ಚಪ್ಪಲಿ ತಗೊಳ್ದೆ. ಆ ಹನ್ನೊಂದು ಲಕ್ಷದ ಬಡ್ಡಿಯಲ್ಲಿ 7,740 ಹೋದ್ರೆ ಅವನಿಗೆ ನಿದ್ದೆ ಬರಲ್ಲ. ನನಗೆ ಅದು ಎರಡು ವೀಕೆಂಡ್ ಖರ್ಚು. ಅವನಿಗೆ ಎರಡು ಎಕರೆ ಉಳುಮೆ, ಜೊತೆಗೆ ಬಿತ್ತನೆ ಬೀಜದ ಅರ್ಧ ದುಡ್ಡು.

"ಇದು ವಾಪಸ್ ಬರುತ್ತೆ ಮಾವ. ರಿಟರ್ನ್ ಫೈಲ್ ಮಾಡ್ಬೇಕು ಅಷ್ಟೆ" ಅಂದೆ.

"ನಮಗ್ಯಾಕಪ್ಪ ಅದೆಲ್ಲ? ನಾವು ರೈತರು. ರೈತರಿಗೆ ಟ್ಯಾಕ್ಸ್ ಇಲ್ಲ."

ಈ ಮಾತು ನೀವೂ ಮನೆಯಲ್ಲಿ ಕೇಳಿರ್ತೀರ. ಅರ್ಧ ನಿಜ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ, ಅದರ ಮೇಲೆ ತೆರಿಗೆ ಹಾಕೋ ಅಧಿಕಾರ ಸಂವಿಧಾನದಲ್ಲಿ ರಾಜ್ಯಗಳಿಗೆ ಇರೋದು. ಆದರೆ ಕಾನೂನು 'ರೈತನ ಆದಾಯ' ಅನ್ನಲ್ಲ, 'ಕೃಷಿ ಆದಾಯ' ಅನ್ನುತ್ತೆ. ವ್ಯತ್ಯಾಸ ಅಲ್ಲೇ ಇರೋದು. ಮಾವ ಅದೇ ಒಂಬತ್ತು ಎಕರೆಯನ್ನ ಯಾರಿಗೋ ರಾಗಿ ಬೆಳೆಯೋಕೆ ಗುತ್ತಿಗೆ ಕೊಟ್ಟಿದ್ರೆ ಆ ಗುತ್ತಿಗೆ ದುಡ್ಡೂ ಕೃಷಿ ಆದಾಯವೇ ಆಗ್ತಿತ್ತು, ಒಂದು ಪೈಸೆ ತೆರಿಗೆ ಇಲ್ಲ. ಆದರೆ ಜಮೀನಿನ ಮೇಲೆ ಈಗ ನಿಂತಿರೋದು ಪ್ಯಾನಲ್. ಬಿಸಿಲಿಂದ ಕರೆಂಟ್ ತೆಗೆಯೋದು ಬೇಸಾಯ ಅಲ್ಲ. ಹಾಗಾಗಿ ಗುತ್ತಿಗೆ ದುಡ್ಡು 'ಇತರ ಮೂಲಗಳ ಆದಾಯ'ಕ್ಕೆ ಹೋಗುತ್ತೆ.

ಇದನ್ನ ಹೇಳೋವಾಗ ನಾನು ಆಫೀಸಲ್ಲಿ ಪಿಪಿಟಿ ಮಾಡೋ ಉತ್ಸಾಹದಲ್ಲೇ ಹೇಳಿದೆ ಅನ್ಸುತ್ತೆ. ಮಾವ ಸ್ವಲ್ಪ ಹೊತ್ತು ಸುಮ್ನಿದ್ದ. ಆಮೇಲೆ ಕೇಳಿದ:

"ಅಂದ್ರೆ ಸರ್ಕಾರದ ಲೆಕ್ಕದಲ್ಲಿ ನಾನು ರೈತ ಅಲ್ವಾ?"

ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಅಮ್ಮ ಒಳಗಿಂದ ಕಾಫಿ ತಂದು ಬಚಾವ್ ಮಾಡಿದ್ಳು.

ಲೆಕ್ಕ ಹಾಕಿದೆ. ಗುತ್ತಿಗೆ ಎಲ್ಲಾ ಸೇರಿ 2,25,000, ಬಡ್ಡಿ 77,400. ಒಟ್ಟು 3,02,400. ಹೊಸ ಪದ್ಧತಿಯಲ್ಲಿ ಆ ವರ್ಷಕ್ಕೆ ವಿನಾಯಿತಿ ಮಿತಿ 3 ಲಕ್ಷ. ಬರೀ 2,400 ರೂಪಾಯಿ ದಾಟಿದೆ. ತೆರಿಗೆ ಬೀಳಲ್ಲ, ಯಾಕಂದ್ರೆ ಆ ವರ್ಷಕ್ಕೆ 7 ಲಕ್ಷದವರೆಗೆ 87ಎ ರಿಬೇಟ್ ಇತ್ತು. ಆದರೆ ಮಿತಿ ದಾಟಿದ ಮೇಲೆ ರಿಟರ್ನ್ ಫೈಲ್ ಮಾಡೋದು ಕಡ್ಡಾಯ. 'ತೆರಿಗೆ ಇಲ್ಲ' ಮತ್ತು 'ಫೈಲ್ ಮಾಡ್ಬೇಕಿಲ್ಲ' ಎರಡೂ ಒಂದೇ ಅಂತ ನಮ್ಮ ಟೀಮ್‌ನ ಅರ್ಧ ಜನ ಇವತ್ತಿಗೂ ನಂಬಿದಾರೆ, ಇನ್ನು ಮಾವನ್ನ ಏನ್ ಅನ್ನೋದು. ತಡ ಆದ್ರೆ ಅವನಿಗೆ ಸಾವಿರ ರೂಪಾಯಿ ಲೇಟ್ ಫೀ. ಆದಾಯ 5 ಲಕ್ಷ ದಾಟಿರೋ ನಮ್ಮಂಥವರಿಗೆ ಐದು ಸಾವಿರ.

ಅಂದ್ರೆ ಉಳಿದಿರೋದು ಸೋಮವಾರ ಒಂದೇ ದಿನ. ಇಬ್ಬರದ್ದೂ ಆಗ್ಬೇಕು. ಮ್ಯಾನೇಜರ್‌ಗೆ ವರ್ಕ್ ಫ್ರಮ್ ಹೋಮ್ ಮೆಸೇಜ್ ಹಾಕಿದೆ. ಮಾವನ್ನ ಊರಿಗೆ ಹೋಗೋಕೆ ಬಿಡಲಿಲ್ಲ.

ಸೋಮವಾರ ಸಂಜೆ ಏಳಕ್ಕೆ ಮಾಳಿಗೆ ಮೇಲೆ ಚಾಪೆ ಹಾಕಿ ಕೂತ್ವಿ. ನಮ್ಮ ಮನೆಯಲ್ಲಿ ಹಾಟ್‌ಸ್ಪಾಟ್ ಸರಿಯಾಗಿ ಸಿಗೋ ಜಾಗ ಅಂದ್ರೆ ನೀರಿನ ಟ್ಯಾಂಕಿನ ಪಕ್ಕ ಮಾತ್ರ. ಮಾವನ ಪ್ಯಾನ್ ಹಾಕಿ ರಿಜಿಸ್ಟರ್ ಮಾಡಿದೆ. 2023ರಲ್ಲಿ ಊರೆಲ್ಲಾ ಗಾಬರಿಯಾಗಿದ್ದಾಗ ಸಾವಿರ ಕಟ್ಟಿ ಪ್ಯಾನ್‌ಗೆ ಆಧಾರ್ ಲಿಂಕ್ ಮಾಡಿಸಿದ್ದ, ಪುಣ್ಯ. ಇಮೇಲ್ ಕೇಳ್ತು. ಅವನಿಗೆ ಎಲ್ಲಿಂದ ಬರಬೇಕು, ಅವನ ಮಗಳದ್ದು ಕೊಟ್ವಿ.

ಮೊದಲು ನೋಡಿದ್ದು ಎಐಎಸ್. ನಿಮ್ಮ ಪ್ಯಾನ್ ನಂಬರ್ ಮೇಲೆ ಯಾರ್ಯಾರು ಏನೇನು ವರದಿ ಮಾಡಿದಾರೆ ಅನ್ನೋ ಪಟ್ಟಿ ಅದು. ಫೈಲ್ ಮಾಡೋಕ್ ಮುಂಚೆ ಅದನ್ನ ನೋಡದೇ ಇರೋದು, ಟೆಸ್ಟ್ ಮಾಡದೇ ಪ್ರೊಡಕ್ಷನ್‌ಗೆ ಕೋಡ್ ಹಾಕಿದ ಹಾಗೆ. ಹಾಕಬಹುದು, ಆಮೇಲೆ ಫೋನ್ ಬರುತ್ತೆ ಅಷ್ಟೆ. ಮಾವನ ಹೆಸರಲ್ಲಿ ಹಿಂದಿನ ವರ್ಷವೂ ಟಿಡಿಎಸ್ ಹಿಡಿದಿದ್ದು ಆಗ ಗೊತ್ತಾಯ್ತು. ಏಳು ಸಾವಿರದ ಚಿಲ್ಲರೆ. ಅದರ ಗಡುವು ಮುಗಿದು ತಿಂಗಳುಗಳಾಗಿದ್ವು. ಅಪ್ಡೇಟೆಡ್ ರಿಟರ್ನ್ ಅಂತ ಒಂದಿದೆ, ಆದರೆ ಅದರಲ್ಲಿ ಸರ್ಕಾರಕ್ಕೆ ಕೊಡಬಹುದೇ ಹೊರತು ವಾಪಸ್ ಕೇಳೋ ಹಾಗಿಲ್ಲ. ತಡವಾಗಿದ್ದನ್ನ ಮನ್ನಿಸಿ ಅಂತ ಅರ್ಜಿ ಹಾಕೋ ದಾರಿ ಇದೆ, ಐದು ವರ್ಷದೊಳಗೆ ಹಾಕಬಹುದು. ಅದನ್ನ ದೀಪಾವಳಿ ರಜೆಗೆ ಇಟ್ಕೊಂಡಿದೀನಿ. (ಮುಂದೂಡ್ತಿದೀನಿ ಅಂತ ನಗಬೇಡಿ, ಇದು ಪ್ಲಾನಿಂಗ್.)

ನಿಜ ಹೇಳ್ಬೇಕಂದ್ರೆ ಇದೆಲ್ಲ ಆಗೋ ಅಗತ್ಯವೇ ಇರಲಿಲ್ಲ. ಅರವತ್ತು ದಾಟಿದವರು, ತೆರಿಗೆ ಬೀಳಲ್ಲ ಅಂತಾದ್ರೆ, ವರ್ಷದ ಶುರುವಲ್ಲಿ ಬ್ಯಾಂಕಿಗೆ ಫಾರ್ಮ್ 15ಎಚ್ ಕೊಟ್ಟುಬಿಟ್ರೆ ಆಗ ಟಿಡಿಎಸ್ ಹಿಡೀತಾನೇ ಇರಲಿಲ್ಲ. ಅರವತ್ತರ ಒಳಗಿನವರಿಗೆ 15ಜಿ, ಅದಕ್ಕೆ ಷರತ್ತು ಇನ್ನೂ ಸ್ವಲ್ಪ ಬಿಗಿ ಇತ್ತು. 2025ರ ಏಪ್ರಿಲ್‌ನಿಂದ ಹಿರಿಯರ ಬ್ಯಾಂಕ್ ಬಡ್ಡಿಗೆ ಟಿಡಿಎಸ್ ಮಿತಿ 50,000ದಿಂದ 1 ಲಕ್ಷಕ್ಕೆ ಏರಿದೆ, ಹಾಗಾಗಿ ಮುಂದಿನ ಸಲ ಮಾವನ ಬಡ್ಡಿ ಪೂರ್ತಿ ಕೈಗೆ ಬರುತ್ತೆ. ಬೆಂಗಳೂರಲ್ಲಿ ಕೂತು ಮ್ಯೂಚುವಲ್ ಫಂಡ್ ಬಗ್ಗೆ ಭಾಷಣ ಮಾಡೋ ನನಗೆ, ನನ್ನ ಮಾವನಿಗೆ ಒಂದು 15ಎಚ್ ತುಂಬಿಸಿಕೊಡಬೇಕು ಅಂತ ಯಾವತ್ತೂ ಹೊಳೆದಿರಲಿಲ್ಲ.

ಈಗ ಫಾರ್ಮ್. ಐಟಿಆರ್-1 ಅಂದ್ರೆ ಸುಲಭ, ನಾಲ್ಕು ಪುಟ, ಹದಿನೈದು ನಿಮಿಷ. ಅದನ್ನೇ ತೆರೆದು ಗುತ್ತಿಗೆ, ಬಡ್ಡಿ ಎರಡೂ ತುಂಬಿದೆ. "ಮುಗೀತು ಮಾವ" ಅಂದೆ.

"ಕಡ್ಲೆಕಾಯಿ ದುಡ್ಡು ಎಲ್ಲಿ ಬರ್ದೆ?"

"ಅದಕ್ಕೆ ಟ್ಯಾಕ್ಸ್ ಇಲ್ಲ ಮಾವ. ಬರೀದೇ ಇದ್ರೂ ನಡೆಯುತ್ತೆ."

ಇದು ಸುಳ್ಳು. ನನಗೆ ಗೊತ್ತಿತ್ತು. ಕೃಷಿ ಆದಾಯ 5,000 ದಾಟಿದ್ರೆ ಐಟಿಆರ್-1 ಹಾಕೋ ಹಾಗಿಲ್ಲ, ಐಟಿಆರ್-2ಗೆ ಹೋಗ್ಬೇಕು. ಊರಲ್ಲಿ ಜಮೀನಿದ್ದು ಸಂಬಳಕ್ಕೆ ಇರೋ ನಮ್ಮಂಥ ಎಷ್ಟೋ ಜನ ತಪ್ಪು ಮಾಡೋದು ಇಲ್ಲೇ. ಕೃಷಿ ಆದಾಯಕ್ಕೆ ನೇರವಾಗಿ ತೆರಿಗೆ ಇಲ್ಲದಿದ್ರೂ, ಉಳಿದ ಆದಾಯ ವಿನಾಯಿತಿ ಮಿತಿ ದಾಟಿದ್ರೆ, ಯಾವ ಸ್ಲ್ಯಾಬ್ ಅಂತ ನಿರ್ಧಾರ ಮಾಡೋಕೆ ಅದನ್ನ ಲೆಕ್ಕಕ್ಕೆ ಸೇರಿಸ್ತಾರೆ. ಆದರೆ ಆಗ ಗಂಟೆ ಎಂಟೂವರೆ, ನನ್ನದು ಇನ್ನೂ ಶುರುವೇ ಆಗಿಲ್ಲ, ಲ್ಯಾಪ್‌ಟಾಪ್ ಚಾರ್ಜ್ 40 ಪರ್ಸೆಂಟ್. ಐಟಿಆರ್-2ರಲ್ಲಿ ಶೆಡ್ಯೂಲ್‌ಗಳ ಸಾಲೇ ಇದೆ. ಯಾರ್ ನೋಡ್ತಾರೆ ಅಂದ್ಕೊಂಡೆ.

ಮಾವ ಬಿಡಲಿಲ್ಲ. "ಬರೀಬೇಕಪ್ಪ. ಬೇರೆ ಎಲ್ಲ ಕೂತಲ್ಲಿ ಬಂದ ದುಡ್ಡು. ನಾನು ದುಡಿದಿದ್ದು ಅದೊಂದೇ."

ಲ್ಯಾಪ್‌ಟಾಪ್ ನೋಡೋ ಹಾಗೆ ನಟಿಸಿ ಸ್ವಲ್ಪ ಹೊತ್ತು ತಲೆ ತಗ್ಗಿಸಿಯೇ ಕೂತಿದ್ದೆ. ಆಮೇಲೆ ಐಟಿಆರ್-1 ಡ್ರಾಫ್ಟ್ ಡಿಲೀಟ್ ಮಾಡಿ ಐಟಿಆರ್-2 ತೆರೆದೆ.

ಅದರಲ್ಲಿ ವಿನಾಯಿತಿ ಆದಾಯದ ಶೆಡ್ಯೂಲ್ ಅಂತ ಇದೆ. ಒಟ್ಟು ಕೃಷಿ ಉತ್ಪತ್ತಿ ಎಷ್ಟು, ಅದಕ್ಕೆ ಖರ್ಚು ಎಷ್ಟು, ನಿವ್ವಳ ಎಷ್ಟು. ನಾನು ಓದಿ ಹೇಳಿದೆ, ಮಾವ ಲೆಕ್ಕ ಕೊಟ್ಟ. ಹನ್ನೆರಡು ಕ್ವಿಂಟಲ್, 72,000. ಖರ್ಚು? ಬೆರಳು ಮಡಿಸ್ತಾ ಹೋದ. ಬೀಜ, ಟ್ರ್ಯಾಕ್ಟರ್, ಗೊಬ್ಬರ, ಕಳೆ ತೆಗೆಯೋ ಆಳು, ಕೀಳೋ ಆಳು, ಕಾಯಿ ಬಿಡಿಸೋ ಆಳು, ಮೂಟೆ, ಗಾಡಿ ಬಾಡಿಗೆ. ಹೋದ ವರ್ಷದ್ದು, ಒಂದೊಂದೂ ರೂಪಾಯಿ ಲೆಕ್ಕದಲ್ಲಿ, ಎಲ್ಲೂ ಬರೆದಿಟ್ಟಿದ್ದಲ್ಲ. 33,000. "ನಮ್ಮ ಕೂಲಿ ಹಾಕಂಗಿಲ್ವಾ?" ಅಂದ. ಹಾಗಿಲ್ಲ ಮಾವ ಅಂದೆ. "ಹೋಗ್ಲಿ ಬುಡು."

ನಿವ್ವಳ 39,000. ಅದನ್ನ ಸೇರಿಸಿದ ತಕ್ಷಣ ತೆರಿಗೆ ಲೆಕ್ಕ ಬದಲಾಗಿ 120 ರೂಪಾಯಿ ತೋರಿಸ್ತು. ಕಡ್ಲೆಕಾಯಿ ಇಲ್ಲದಿದ್ರೂ 120ಏ ಬರ್ತಿತ್ತು, ಆ ಸ್ಲ್ಯಾಬ್‌ನಲ್ಲಿ ವ್ಯತ್ಯಾಸ ಇಲ್ಲ. ಎರಡೂ ರೀತಿಯಲ್ಲಿ ರಿಬೇಟ್ ಅದನ್ನ ನುಂಗಿ ಸೊನ್ನೆ ಮಾಡ್ತು. ವಾಪಸ್ ಬರಬೇಕಾದ್ದು: 7,740. ಪೂರ್ತಿ. ಅಂದ್ರೆ ಆ ಶೆಡ್ಯೂಲ್ ತುಂಬಿದ್ರಿಂದ ದುಡ್ಡಲ್ಲಿ ಏನೂ ಬದಲಾಗಲಿಲ್ಲ. ಮಾವ ಮಾತ್ರ ಆ ಪುಟವನ್ನ ದೊಡ್ಡದು ಮಾಡಿಸಿ ಎರಡು ಸಲ ನೋಡಿದ.

ಸಬ್ಮಿಟ್ ಮಾಡಿದ ಮೇಲೆ ವೆರಿಫಿಕೇಷನ್. ಆಧಾರ್ ಓಟಿಪಿ ಕಳಿಸ್ತು, ಬರಲಿಲ್ಲ. ಆಧಾರ್‌ಗೆ ಕೊಟ್ಟಿರೋದು ಯಾವ ನಂಬರ್ ಅಂತ ಕೇಳಿದ್ರೆ, ನಾಲ್ಕು ವರ್ಷದ ಹಿಂದೆ ಫೋನ್ ಸಮೇತ ಸಂತೆಯಲ್ಲಿ ಕಳೆದುಹೋದ ನಂಬರ್! ತಲೆ ಕೆಟ್ಟುಹೋಯ್ತು. ಆದರೆ ಕೆಟ್ಟಿದ್ದು ಏನೂ ಆಗಿರಲಿಲ್ಲ. ವೆರಿಫೈ ಮಾಡೋಕೆ ಫೈಲ್ ಮಾಡಿದ ದಿನದಿಂದ 30 ದಿನ ಇರುತ್ತೆ. ಓಟಿಪಿ ಆಗದಿದ್ರೆ ನೆಟ್ ಬ್ಯಾಂಕಿಂಗ್, ಅದೂ ಇಲ್ಲದಿದ್ರೆ ಹಳೇ ದಾರಿ: ಐಟಿಆರ್-ವಿ ಅನ್ನೋ ಒಂದು ಪುಟ ಪ್ರಿಂಟ್ ತೆಗೆದು, ಸಹಿ ಮಾಡಿ, ಅಂಚೆಯಲ್ಲಿ ಕಳಿಸೋದು. ವಿಳಾಸ ಒಂದೇ ಸಾಲು, ಸೆಂಟ್ರಲೈಸ್ಡ್ ಪ್ರೊಸೆಸಿಂಗ್ ಸೆಂಟರ್, ಆದಾಯ ತೆರಿಗೆ ಇಲಾಖೆ, ಬೆಂಗಳೂರು 560500. ಕಾಶ್ಮೀರದವರು ಫೈಲ್ ಮಾಡಿದ್ರೂ ಕನ್ಯಾಕುಮಾರಿಯವರು ಫೈಲ್ ಮಾಡಿದ್ರೂ ರಿಟರ್ನ್ ಬಂದು ಸೇರೋದು ನಮ್ಮ ಬೆಂಗಳೂರಿಗೇ. 30 ದಿನದೊಳಗೆ ಅಲ್ಲಿಗೆ ತಲುಪಬೇಕು ಅಷ್ಟೆ.

"ಸೈನ್ ತಾನೆ? ಹಾಕ್ತೀನಿ. ಈ ನಂಬರ್ ಗಿಂಬರ್‌ಗಿಂತ ಅದೇ ವಾಸಿ" ಅಂತ ಮಾವ ಕೆಳಗಿಳಿದು ಹೋಗಿ ಮಲಗಿದ.

ಆಗ ಹತ್ತೂಕಾಲು. ನನ್ನ ಸರದಿ.

ನಾನು ಹೋದ ವರ್ಷ ಅಕ್ಟೋಬರ್‌ನಲ್ಲಿ ಕೆಲಸ ಬದಲಾಯಿಸಿದ್ದೆ. ಎರಡು ಫಾರ್ಮ್ 16. ಹಳೇ ಕಂಪನಿಯಿಂದ ಆರು ತಿಂಗಳಿಗೆ 7 ಲಕ್ಷ, ಹೊಸದರಿಂದ 9 ಲಕ್ಷ. ಹಳೇ ಕಂಪನಿ ಲೆಕ್ಕ ಮುಗಿಸೋವಾಗ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು 6.25 ಲಕ್ಷ, ರಿಬೇಟ್ ಇದೆ, ತೆರಿಗೆ ಸೊನ್ನೆ ಅಂದಿತ್ತು. ಹೊಸ ಕಂಪನಿಯೂ ತನ್ನ 9 ಲಕ್ಷವನ್ನ ಮಾತ್ರ ನೋಡಿ, ಮತ್ತೆ 75,000 ಕಳೆದು, 33,800 ಹಿಡಿದಿತ್ತು. ಇಬ್ಬರದ್ದೂ ತಪ್ಪಿಲ್ಲ. ಹಳೇ ಸಂಬಳದ ವಿವರ ಕೊಡೋ ಫಾರ್ಮ್ 12ಬಿ ಸೇರಿದ ಮೊದಲ ವಾರವೇ ಎಚ್‌ಆರ್ ಕಳಿಸಿದ್ರು. 'ಆಮೇಲೆ ನೋಡೋಣ' ಅಂತ ಮೇಲ್‌ಗೆ ಸ್ಟಾರ್ ಹಾಕಿಟ್ಟಿದ್ದು ನಾನೇ. ತಿಂಗಳು ತಿಂಗಳು ಸಂಬಳ ಜಾಸ್ತಿ ಬರ್ತಿದ್ರೆ ಯಾಕೆ ಅಂತ ಯಾರಾದ್ರೂ ಕೇಳ್ತಾರಾ?

ಪೋರ್ಟಲ್ ಎರಡನ್ನೂ ಸೇರಿಸಿದಾಗ ಆದಾಯ 15.25 ಲಕ್ಷ. ತೆರಿಗೆ ಸೆಸ್ ಸೇರಿ 1,53,400. ಕಟ್ಟಿರೋದು 33,800. ಕೊರತೆ 1,19,600. ಅದರ ಮೇಲೆ, ಅಡ್ವಾನ್ಸ್ ಟ್ಯಾಕ್ಸ್ ಕಟ್ಟಿಲ್ಲ ಅಂತ 234ಬಿ ಮತ್ತು 234ಸಿ ಬಡ್ಡಿ, ಹದಿಮೂರು ಸಾವಿರ ಚಿಲ್ಲರೆ. ಕೊನೆಗೆ ಸ್ಕ್ರೀನ್ ಮೇಲೆ ನಿಂತಿದ್ದು: 1,32,810.

ಎರಡು ಸಲ ರಿಫ್ರೆಶ್ ಮಾಡಿದೆ. ಇಂಜಿನಿಯರ್‌ಗಳಿಗೆ ಒಂದು ನಂಬಿಕೆ ಇರುತ್ತಲ್ಲ, ರಿಫ್ರೆಶ್ ಮಾಡಿದ್ರೆ ಸರಿ ಹೋಗಬಹುದು ಅಂತ.

ಮಾಳಿಗೆ ಮೇಲಿನ ಚಾಪೆಯಲ್ಲಿ ಕೂತು ಫೋನಲ್ಲಿ ಬ್ಯಾಲೆನ್ಸ್ ನೋಡಿದೆ. ಸೈಟಿನ ಅಡ್ವಾನ್ಸ್‌ಗೆ ಅಂತ ಎರಡು ವರ್ಷದಿಂದ ಸೇರಿಸ್ತಿದ್ದ ಡೆಪಾಸಿಟ್ ಒಂದಿತ್ತು. ಅದನ್ನ ಮುರಿದೆ. ನನ್ನ ದುಡ್ಡು ಹೋಯ್ತು ಅನ್ನೋ ಬೇಜಾರಿಗಿಂತ, ಇದು ಯಾವತ್ತೂ ನನ್ನ ದುಡ್ಡಾಗಿರಲೇ ಇಲ್ಲ, ಆರು ತಿಂಗಳು ಅದನ್ನ ನನ್ನದು ಅಂದ್ಕೊಂಡು ಓಡಾಡಿದ್ದೆ ಅನ್ನೋದು ಜಾಸ್ತಿ ಚುಚ್ಚಿತು. ಇ-ಪೇ ಟ್ಯಾಕ್ಸ್‌ನಲ್ಲಿ ಸೆಲ್ಫ್ ಅಸೆಸ್‌ಮೆಂಟ್ ಆಯ್ಕೆ ಮಾಡಿ ಕಟ್ಟೋವಾಗ ಅಸೆಸ್‌ಮೆಂಟ್ ಇಯರ್ 2025-26 ಅಂತ ಮೂರು ಸಲ ಓದಿ ಖಾತ್ರಿ ಮಾಡ್ಕೊಂಡೆ. 2024-25ರ ಸಂಪಾದನೆಗೆ 2025-26 ಅಂತ ಹಾಕೋ ಈ ಗೊಂದಲ 2026ರ ಏಪ್ರಿಲ್‌ನಲ್ಲಿ ಹೊಸ ಕಾಯ್ದೆ ಜಾರಿಗೆ ಬಂದ ಮೇಲೆ ತಪ್ಪುತ್ತಂತೆ, ಬರೀ 'ಟ್ಯಾಕ್ಸ್ ಇಯರ್' ಅಂತ ಮಾಡ್ತಾರೆ. ಚಲನ್ ನಂಬರ್ ಹಾಕಿ, ಸಬ್ಮಿಟ್ ಕೊಟ್ಟು, ಓಟಿಪಿ ಒತ್ತಿದಾಗ 11:38.

ಕೆಳಗೆ ಬಂದು ನೀರು ಕುಡಿದು ಮಲಗೋ ಹೊತ್ತಿಗೆ ಸ್ನೇಹಿತರ ಗ್ರೂಪಲ್ಲಿ ಮೆಸೇಜ್. ಗಡುವು ಒಂದು ದಿನ ವಿಸ್ತರಣೆ, ಸೆಪ್ಟೆಂಬರ್ 16ರವರೆಗೆ. ಮಧ್ಯರಾತ್ರಿ 12ರಿಂದ 2:30ರವರೆಗೆ ಪೋರ್ಟಲ್ ನಿರ್ವಹಣೆಗೆ ಬಂದ್. ಅಷ್ಟೊತ್ತಿಗೆ 7.3 ಕೋಟಿಗೂ ಹೆಚ್ಚು ರಿಟರ್ನ್ ಬಂದಿದ್ವಂತೆ. ಗ್ರೂಪಲ್ಲಿ ಇಬ್ಬರು ಡ್ಯಾನ್ಸ್ ಸ್ಟಿಕ್ಕರ್ ಹಾಕಿದ್ರು. ಅವರು ಇನ್ನೂ ಶುರುವೇ ಮಾಡಿರಲಿಲ್ಲ.

ಬೆಳಿಗ್ಗೆ ಸರ್ಕಲ್ ಹತ್ರ ಪ್ರಿಂಟ್ ತೆಗೆಸಿದ್ವಿ. ಮಾವ ಅಂಗಡಿ ಕಟ್ಟೆ ಮೇಲೆ ಕಾಗದ ಇಟ್ಟು, ಪೆನ್ನು ಎರಡು ಸಲ ಗಾಳಿಯಲ್ಲಿ ಬರೆದು ನೋಡಿ, ಆಮೇಲೆ ನಿಧಾನಕ್ಕೆ ಪೂರ್ತಿ ಹೆಸರು ಬರೆದ. ಕನ್ನಡದಲ್ಲಿ. ಬಾಕ್ಸ್‌ನಿಂದ ಒಂಚೂರು ಆಚೆ ಹೋಯ್ತು. "ನಡೆಯುತ್ತಾ?" ಅಂದ. ನಡೆಯುತ್ತೆ ಅಂದೆ. ಅಂಚೆ ಕಚೇರಿಯಲ್ಲಿ ಸ್ಪೀಡ್ ಪೋಸ್ಟ್ ಮಾಡಿ ರಸೀದಿಯನ್ನ ಅದೇ ನಾಲ್ಕು ಮಡಿಕೆ ಜೇಬಿಗೆ ಹಾಕ್ಕೊಂಡ. ನಿನ್ನದೆಷ್ಟು ವಾಪಸ್ ಬರುತ್ತೆ ಅಂತ ಕೇಳಿದ. ನಾನೇ ಕಟ್ಟಿದೆ ಮಾವ ಅಂತ ಹೇಳಿ, ಎಷ್ಟು ಅಂತ ಹೇಳಲಿಲ್ಲ.

ಬಸ್ ಬಂತು. ಕಾಯಿ ಕಟ್ಟೋ ಟೈಮು, ಒಂದು ಹದ ಮಳೆ ಬೇಕು, ಹೋಗಿ ನೋಡ್ಬೇಕು ಅಂತ ಹತ್ತಿದವನು ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಲೋ, ಈ ಸಲ ಕಾಯಿ ಜಾಸ್ತಿ ಆದ್ರೆ ಆ ಬಾಕ್ಸಲ್ಲಿ ಎಷ್ಟು ಬೇಕಾದ್ರೂ ಬರೀಬೌದಾ?"

"ಬರೀಬೌದು ಮಾವ. ಐದು ಲಕ್ಷ ದಾಟಿದ್ರೆ ಜಮೀನು ಎಷ್ಟು, ನೀರಾವರಿನಾ ಮಳೆ ಆಶ್ರಿತನಾ ಅಂತನೂ ಕೇಳುತ್ತೆ."

"ಕೇಳ್ಲಿ, ಹೇಳೋಣ" ಅಂದ.